ಪದ್ಮಾ ನಂಬರು ಬರೆದ ಸಾಲು

ರಾಯದುರ್ಗ

ನನ್ನನ್ನು ಮಲೇಶಿಯಾಕ್ಕೆ ಕಳಿಸಿದ್ದು ಊರು ನೋಡಿಕೊಂಡು ಬರಲಿ ಎಂದಲ್ಲ, ನಾದಿನಿಯನ್ನು ಕರೆದುಕೊಂಡು ಬರಲಿ ಎಂದು.

ನಾದಿನಿ ಎಂದರೆ ಪದ್ಮಾ, ನನ್ನ ಗಂಡ ವೀರೇಶನ ಒಬ್ಬಳೇ ತಂಗಿ. ನಾನು ಮಡಕಶಿರಾ ಸೀಮೆಯ ಗುಡಿಬಂಡೆ ಕಡೆಯ ಹಳ್ಳಿಯಿಂದ ರಾಯದುರ್ಗಕ್ಕೆ ಸೊಸೆಯಾಗಿ ಬಂದಾಗ ಅವಳಿನ್ನೂ ಲಂಗ ಉಡುವ ಹುಡುಗಿ. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಅಕ್ಕಪಕ್ಕದ ಮಷಿನ್ನುಗಳಲ್ಲಿ ಕೂತು ನಾವಿಬ್ಬರೂ ಜೀನ್ಸ್ ಪ್ಯಾಂಟು ಹೊಲಿಯುವುದನ್ನು ಕಲಿತೆವು. ನಾನು ಜೇಬು ಹೊಲಿದರೆ ಅವಳು ಸೊಂಟಪಟ್ಟಿ. ನನ್ನ ಹತ್ತು ಮಾತಿಗೆ ಅವಳದು ಒಂದು. ಬಸ್ಸಿನಲ್ಲಿ ಯಾರಾದರೂ ಅವಳ ಕಾಲು ತುಳಿದರೆ ತುಳಿದವರಿಗೆ ಅವಳೇ "ಇರ್ಲಿ ಬಿಡ್ರಿ" ಎಂದು ಸಮಾಧಾನ ಹೇಳುತ್ತಿದ್ದಳು.

ಅಂಥವಳು ಒಂದು ದಿನ ಬಳ್ಳಾರಿಯಲ್ಲಿ ಯಾರೋ ಹೊರದೇಶದ ಗಾರ್ಮೆಂಟ್ಸಿಗೆ ಟೈಲರುಗಳನ್ನು ಆರಿಸುತ್ತಿದ್ದಾರೆಂದು ಕೇಳಿ, ಹೋಗಿ, ಹೊಲಿದು ತೋರಿಸಿ, ಆಯ್ಕೆಯಾಗಿ ಬಂದಳು. ನಮಗೆಲ್ಲ ಅದು ಎಷ್ಟು ವಿಚಿತ್ರವಾಗಿ ಕಂಡಿತೆಂದರೆ ಬೇಡ ಎನ್ನಲೂ ನೆನಪಾಗಲಿಲ್ಲ. ಎರಡು ವರ್ಷಕ್ಕೆಂದು ಹೋದವಳು ಮತ್ತೆ ಮತ್ತೆ ಕರಾರು ಮುಂದುವರಿಸಿ ಅಲ್ಲೇ ಉಳಿದಳು. ಈಗ ನಲವತ್ತರ ಹತ್ತಿರ. ಕಲ್ಯಾಣದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ, ಹೆಂಡತಿ ತೀರಿಕೊಂಡಿರುವ ಒಬ್ಬರ ಸಂಬಂಧ ಬಂದಿತ್ತು. ವೀರೇಶನಿಗೆ ಮನಸ್ಸಿಗೆ ಬಂದಿತ್ತು, ಸುಳ್ಳು ಯಾಕೆ, ನನಗೂ ಬಂದಿತ್ತು. ಆದರೆ ಫೋನಿನಲ್ಲಿ ಮದುವೆಯ ಮಾತು ತೆಗೆದ ಕೂಡಲೇ ಪದ್ಮಾಗೆ ಸಿಗ್ನಲ್ ಹೋಗುತ್ತಿತ್ತು.

ಅಷ್ಟರಲ್ಲಿ ಅವಳೇ ಫೋನು ಮಾಡಿದಳು.

"ಅತ್ತಿಗಿ, ನನ್ನ ಗೆಳತಿ ಒಬ್ಬಾಕಿ ಕೆಲಸ ಬಿಟ್ಟು ಇಂಡೋನೇಶಿಯಾಕ್ಕ ವಾಪಸ್ ಹೋದ್ಲು. ಅಕಿದು ಒಂದು ಟಿಕೆಟ್ ಉಳದೈತಿ. ದೊಡ್ಡ ಹಾಡಿನ ಪ್ರೋಗ್ರಾಮು. ನೀವು ಬರ್ರಿ. ಬರಾಕ ಹೋಗಾಕ ಎಲ್ಲಾ ನಾನು ನೋಡ್ಕಂತೀನಿ."

ವೀರೇಶ ಒಂದು ರಾತ್ರಿ ಯೋಚಿಸಿ ಬೆಳಿಗ್ಗೆ ತೀರ್ಪು ಕೊಟ್ಟ. "ಹೋಗು. ಹಾಡು ಕೇಳು. ಬರಬೇಕಾದ್ರ ಅಕಿನ್ನ ಒಪ್ಪಿಸಿ, ಕರಕೊಂಡು ಬಾ."

ಹಾಡಿನ ಕಾರ್ಯಕ್ರಮವೆಂದರೆ ಕುರ್ಚಿ ಹಾಕಿರುತ್ತಾರೆ, ಪನ್ನೀರು ಚಿಮುಕಿಸುತ್ತಾರೆ ಎಂದುಕೊಂಡು ನಾನು ಪೆಟ್ಟಿಗೆಯಲ್ಲಿ ಒಂದು ರೇಷ್ಮೆ ಸೀರೆ ಇಟ್ಟುಕೊಂಡೆ. ಫೋನಿನಲ್ಲಿ ಕಲ್ಯಾಣದುರ್ಗದವರ ಫೋಟೋ ಇಟ್ಟುಕೊಂಡೆ.

ಕೌಲಾಲಂಪುರ, ಸಿತಿಯ ಮನೆ

ವಿಮಾನ ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟ್ ತಿರುವಿ, ಯಾತಕ್ಕೆ ಬಂದಿರಿ ಎಂದು ಕೇಳಿದ. "ಸಾಂಗ್ ಪ್ರೋಗ್ರಾಮ್" ಎಂದೆ. ಯಾರದು ಎಂದ. ಅದು ನನಗೆ ಗೊತ್ತಿರಲಿಲ್ಲ. ಪದ್ಮಾ ಕಳಿಸಿದ್ದ ಟಿಕೆಟ್ಟಿನ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಗಂಟು ಮುಖದ ಆ ಮನುಷ್ಯ ಒಮ್ಮೆಲೇ ಅರಳಿಬಿಟ್ಟ. ಠಪ್ಪೆಂದು ಮುದ್ರೆ ಒತ್ತಿ, ಮಧ್ಯದ ಎರಡು ಬೆರಳು ಮಡಚಿ ಅತ್ತಿತ್ತಲಿನ ಬೆರಳೆತ್ತಿ ನನಗೆ ತೋರಿಸಿದ. ನಮ್ಮೂರ ಮಕ್ಕಳು ಎತ್ತಿನ ಆಟದಲ್ಲಿ ಕೊಂಬು ಮಾಡುವುದು ಹಾಗೆಯೇ. ನನ್ನನ್ನು ಎಮ್ಮೆ ಎಂದನೋ ಏನೋ ತಿಳಿಯಲಿಲ್ಲ. ಪರದೇಶದಲ್ಲಿ ಮರ್ಯಾದೆ ಮುಖ್ಯವೆಂದು ನಾನೂ ಕೊಂಬು ತೋರಿಸಿ ಬಂದೆ.

ಹೊರಗೆ ನಿಂತಿದ್ದ ಪದ್ಮಾಳನ್ನು ದಾಟಿಕೊಂಡೇ ಮುಂದೆ ಹೋಗಿದ್ದೆ. ಅವಳು "ವದಿನಾ!" ಎಂದು ಕೂಗಿದ್ದರಿಂದ ತಿರುಗಿದೆ. ಮಾಮೂಲಿಗೆ ಅತ್ತಿಗಿ ಎನ್ನುವವಳು ಮುದ್ದು ಬಂದಾಗ ಮಾತ್ರ ತೆಲುಗಿಗೆ ಇಳಿಯುತ್ತಾಳೆ. ಮೊಣಕಾಲು ಮುಟ್ಟುತ್ತಿದ್ದ ಜಡೆ ಕುತ್ತಿಗೆಗೆ ನಿಂತಿತ್ತು. ಮೈಮೇಲೆ ಕರಿ ಬನಿಯನ್ನು, ಅದರ ಎದೆಯ ಮೇಲೆ ಹಲ್ಲು ಕಿರಿದ ಒಂದು ತಲೆಬುರುಡೆ.

"ಇದೇನೇ ವೇಷ? ಸುಡುಗಾಡಿಗೆ ಕಾವಲಿಗೆ ಸೇರ್ಕಂಡೆಯಾ?" ಎಂದೆ.

"ಇದು ಆ ಹಾಡೋರ ಗುರುತು ಅತ್ತಿಗಿ. ನಿಮಗೂ ಒಂದು ತಂದೀನಿ."

ಅವಳ ಹಾಸ್ಟೆಲ್ಲಿನಲ್ಲಿ ಹೊರಗಿನವರನ್ನು ಬಿಡುವುದಿಲ್ಲವಾದ್ದರಿಂದ ನಾವು ಸಿತಿಯ ಮನೆಯಲ್ಲಿ ಉಳಿದೆವು. ಸಿತಿ ಒಂದು ಶಾಲೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವಾಕೆ, ನನ್ನ ವಯಸ್ಸಿನವಳು. ತಲೆಗೆ ಅಚ್ಚುಕಟ್ಟಾದ ಹಿಜಾಬು, ಮೈಮೇಲೆ ಉದ್ದ ತೋಳಿನ ಅಂಗಿ, ಅದರ ಮೇಲೆ ಅದೇ ತಲೆಬುರುಡೆ. ಚಪ್ಪಲಿ ಹೊರಗೆ ಬಿಡಿಸಿ, ಕೈಗೆ ಗುಲಾಬಿ ಬಣ್ಣದ ತಂಪು ಶರಬತ್ತು ಕೊಟ್ಟು, ಊಟ ಆಯಿತೇ ಎಂದು ಕೇಳಿದಳು. ಅಲ್ಲಿ ಎದುರಾದವರೆಲ್ಲ ಮೊದಲು ಕೇಳುವ ಪ್ರಶ್ನೆ ಅದೇ. ಭಾಷೆ ತಿಳಿಯದಿದ್ದರೂ ಆ ಪ್ರಶ್ನೆಯಿಂದ ನನಗೆ ಧೈರ್ಯ ಬಂತು.

ಇವರಿಬ್ಬರೂ ಸ್ನೇಹಿತೆಯರಾದದ್ದು ಎಲ್ಲಿ ಎಂದು ಕೇಳಿದೆ. "ಸಾಲಿನಾಗ" ಎಂದಳು ಪದ್ಮಾ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಹಾಡಿನ ಸಾಲಿನಲ್ಲಿ ಬಿಸಿಲಿಗೆ ಪದ್ಮಾ ತಲೆ ತಿರುಗಿ ಬಿದ್ದಾಗ ಸಿತಿ ಮಡಿಲಲ್ಲಿ ಮಲಗಿಸಿಕೊಂಡು ಗಾಳಿ ಬೀಸಿದಳಂತೆ.

"ಅಲ್ಲ ಕಣೆ, ಆ ಅರಚಾಟದಾಗೆ ನಿಂಗೆ ಏನು ಸಿಕ್ತು?" ಎಂದೆ. ಅವಳು ಫೋನಿನಲ್ಲಿ ಅವರ ಒಂದು ಹಾಡು ಹಾಕಿ ಕೇಳಿಸಿದ್ದಳು. ಬೋರ್‌ವೆಲ್ ಕೊರೆಯುವ ಲಾರಿಯ ಮುಂದೆ ಯಾರೋ ಜಗಳವಾಡುತ್ತಿರುವಂತಿತ್ತು.

ಪದ್ಮಾ ಸ್ವಲ್ಪ ಯೋಚಿಸಿದಳು. "ನಮ್ಮ ಫ್ಲೋರಿನಾಗ ರೇಡಿಯೋ ಹಾಕ್ತಾರ. ಅಷ್ಟು ಮಷಿನ್ನಿನ ಸದ್ದಿನಾಗ ಬ್ಯಾರೆ ಯಾವ ಹಾಡೂ ಕೇಳಂಗಿಲ್ಲ. ಇವರದೊಂದೇ ಕೇಳ್ತಿತ್ತು. ಬಂದ ಹೊಸದಾಗ ನನ್ನ ಜೋಡಿ ಮಾತಾಡಾರು ಯಾರೂ ಇರ್ಲಿಲ್ಲ ಅತ್ತಿಗಿ. ಹಾಡಾರ ಇತ್ತಲ್ಲ."

ಹಿಂದಿನ ದಿನ

ಮಗಳ ಮದುವೆಗೂ ಯಾರೂ ಇಷ್ಟು ತಯಾರಿ ಮಾಡಿಕೊಳ್ಳಲಾರರು. ಸಿತಿಯ ನಡುಮನೆಯಲ್ಲಿ ಮಡಚುವ ಚಾಪೆ, ತೆಳ್ಳನೆಯ ಪ್ಲಾಸ್ಟಿಕ್ಕಿನ ಮಳೆ ಅಂಗಿ, ಬೀಸಣಿಗೆ, ಬ್ಯಾಂಡೇಜು, ಉಪ್ಪು ಸಕ್ಕರೆಯ ಪೊಟ್ಟಣ ಹರಡಿಕೊಂಡಿದ್ದವು. ಒಳಗೆ ಛತ್ರಿ ಬಿಡುವುದಿಲ್ಲ. ನೀರಿನ ಬಾಟಲಿ ಬಿಡುವುದಿಲ್ಲ. ದೊಡ್ಡ ಚೀಲ ಬಿಡುವುದಿಲ್ಲ. ಕುರ್ಚಿ ಎಲ್ಲಿರುತ್ತದೆ ಎಂದು ನಾನು ಕೇಳಿದೆ. ಪದ್ಮಾ ಅದನ್ನು ಸಿತಿಗೆ ಅವಳ ಭಾಷೆಯಲ್ಲಿ ಹೇಳಿದಳು. ಇಬ್ಬರೂ ನಕ್ಕು ನಕ್ಕು ಗೋಡೆಗೆ ಒರಗಿದರು. ನಮ್ಮದು ನಿಲ್ಲುವ ಟಿಕೆಟ್ಟಂತೆ. ಹಗಲೆಲ್ಲ ಸಾಲಿನಲ್ಲಿ ಕಾಯುವುದು, ಬಾಗಿಲು ತೆರೆದಾಗ ಹೋಗಿ ವೇದಿಕೆಯ ಮುಂದಿನ ಕಬ್ಬಿಣದ ಕಟಕಟೆ ಹಿಡಿಯುವುದು, ಅಲ್ಲಿ ಮತ್ತೆ ನಿಲ್ಲುವುದು.

"ಯಾರನ್ನಾದ್ರೂ ಚೀಲ ಇಟ್ಟು ಬರಾಕೆ ಹೇಳಬಾರದಾ?" ಎಂದೆ. ನಮ್ಮಲ್ಲಿ ರೇಷನ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲುವುದು ಚೀಲಗಳು, ಚಪ್ಪಲಿಗಳು, ಗುರುತಿನ ಕಲ್ಲುಗಳು. ಜನ ನೆರಳಿನಲ್ಲಿ ಕೂತಿರುತ್ತಾರೆ. ಇಲ್ಲಿ ಮನುಷ್ಯರೇ ನಿಲ್ಲಬೇಕಂತೆ.

ಆಮೇಲೆ ಪದ್ಮಾ ಒಂದು ಜೀನ್ಸ್ ಪ್ಯಾಂಟು ತಂದು ನನ್ನ ಮುಂದಿಟ್ಟಳು. ಸೀರೆಯಲ್ಲಿ ಅಲ್ಲಿ ನಿಲ್ಲಲು ಆಗುವುದಿಲ್ಲ ಎಂದಳು. ಮದುವೆಯಾದಾಗಿನಿಂದ ಜೀನ್ಸ್ ಹೊಲಿಯುತ್ತಿದ್ದೇನೆ. ನಾನು ಹೊಲಿದ ಪ್ಯಾಂಟು ತೊಟ್ಟವರು ಎಷ್ಟು ಊರುಗಳಲ್ಲಿದ್ದಾರೋ. ನಾನು ಮಾತ್ರ ಒಮ್ಮೆಯೂ ಕಾಲು ತೂರಿಸಿರಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು ತೊಟ್ಟುಕೊಂಡೆ. ತೊಡೆಯ ಹೊಲಿಗೆ ಕಾಲಿಗೆ ಎಲ್ಲಿ ಒತ್ತುತ್ತದೆ, ಕೂತಾಗ ಸೊಂಟಪಟ್ಟಿ ಹೊಟ್ಟೆಯನ್ನು ಹೇಗೆ ಕಚ್ಚುತ್ತದೆ ಎಂಬುದು ಅವತ್ತು ಗೊತ್ತಾಯಿತು. ಹೊರಗೆ ಬಂದಾಗ ಸಿತಿ ಚಪ್ಪಾಳೆ ತಟ್ಟಿದಳು. ನಾನು ಎರಡು ಕೈಯನ್ನೂ ಜೇಬಿಗೆ ತೂರಿಸಿದೆ. ಸೀರೆಗೆ ಜೇಬಿಲ್ಲ, ಆದ್ದರಿಂದ ಈ ಸುಖ ನನಗೆ ಗೊತ್ತಿರಲಿಲ್ಲ. ರಾತ್ರಿ ಮಲಗುವವರೆಗೂ ಕೈ ಹೊರಗೆ ತೆಗೆಯಲಿಲ್ಲ.

ಸಂಜೆ ಒಂದು ಕೌಂಟರಿಗೆ ಹೋಗಿ ಟಿಕೆಟ್ ತೋರಿಸಿ, ಒಳಗೆ ಬಿಡಲು ಗುರುತಿನ ಕೈಪಟ್ಟಿ ಕಟ್ಟಿಸಿಕೊಂಡೆವು. ಕರಿ ದಾರದ ನೇಯ್ಗೆಯ ಪಟ್ಟಿ, ಅದನ್ನು ಬಿಗಿಯಲು ಒಂದು ಪ್ಲಾಸ್ಟಿಕ್ ಮಣಿ. ಕಟ್ಟುತ್ತಿದ್ದ ಹುಡುಗಿ ಇಂಗ್ಲಿಷಿನಲ್ಲಿ ಏನೋ ಸರಸರ ಹೇಳಿದಳು. ಪದ್ಮಾ ಆ ಕಡೆ ಯಾರನ್ನೋ ಮಾತಾಡಿಸುತ್ತಿದ್ದಳು. ನಾನು "ಎಸ್, ಎಸ್" ಎಂದು ತಲೆಯಾಡಿಸಿದೆ.

ಸಾಲು, ಬೆಳಿಗ್ಗೆ

ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಆ ಪಟ್ಟಿ ಕಣ್ಣಿಗೆ ಬಿತ್ತು. ಬಟ್ಟೆಯದು. ಒದ್ದೆಯಾದರೆ ದಿನವಿಡೀ ಬಳೆಯ ಪಕ್ಕದಲ್ಲಿ ಕಡಿಯುತ್ತದೆ. ಎಳೆದರೆ ಮಣಿ ಇನ್ನೂ ಬಿಗಿಯಿತೇ ಹೊರತು ಸಡಿಲವಾಗಲಿಲ್ಲ. ಸರಿ, ಪದ್ಮಾಳ ಚೀಲದಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದು ಕಚ್ ಎಂದು ಕತ್ತರಿಸಿದೆ. ಸ್ನಾನ ಮುಗಿಸಿ, ಕೈ ಮುಗಿದು, ಅದೇ ಚೀಲದ ಸೂಜಿಗೆ ಕರಿ ದಾರ ಪೋಣಿಸಿ, ಅಂಚಿಗೆ ಅಂಚು ಕೂಡಿಸಿ, ಹಲ್ಲಿನಿಂದ ಎಳೆ ಹಿಡಿದು ಕೈಯ ಮೇಲೇ ಹೊಲಿದುಕೊಂಡೆ. ಎಲ್ಲಿ ಹೊಲಿದಿದ್ದೇನೆಂದು ನನಗೇ ಕಾಣದಷ್ಟು ಚೆನ್ನಾಗಿ ಬಂದಿತ್ತು. ತೋರಿಸೋಣವೆಂದು ಹೊರಗೆ ಬಂದೆ. ಸಿತಿ ಅಷ್ಟರಲ್ಲಿ ತಟ್ಟೆ ಹಾಕಿದ್ದಳು, ಮರೆತೆ.

ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಕೆಂಪು ಚಟ್ನಿ, ಸೌತೆಕಾಯಿ, ಹುರಿದ ಕಡ್ಲೆಕಾಯಿ ಬೀಜ. ಚಟ್ನಿಯೊಳಗಿನ ಸಣ್ಣ ಸಣ್ಣ ಚೂರುಗಳನ್ನು ಒಣಮೆಣಸಿನಕಾಯಿಯ ತುಂಡು ಎಂದುಕೊಂಡು ಬಾಯಿಗೆ ಹಾಕುವಷ್ಟರಲ್ಲಿ ಅದರಲ್ಲೊಂದಕ್ಕೆ ಕಣ್ಣಿದ್ದದ್ದು ಕಂಡಿತು. ಮೀನು. ಅವತ್ತು ಶನಿವಾರ, ನಾನು ಮುಟ್ಟುವುದಿಲ್ಲ. ಸಿತಿ ಗಾಬರಿಯಾಗಿ ಮೊಟ್ಟೆ ತಂದಳು. ಅದೂ ಆಗದು. ಕೊನೆಗೆ ಅನ್ನಕ್ಕೆ ಕಡ್ಲೆಕಾಯಿ ಬೀಜ ಕಲಸಿಕೊಂಡು ಹೊಟ್ಟೆ ತುಂಬ ಉಂಡೆ. ಕಡ್ಲೆಕಾಯಿ ತಿಂದು ಬೆಳೆದವಳಿಗೆ ಅದೇನು ಕಷ್ಟವಲ್ಲ.

ರೈಲಿನಲ್ಲಿ ಒಂದೊಂದು ನಿಲ್ದಾಣ ದಾಟಿದಂತೆ ಕರಿ ಅಂಗಿಯವರು ಹೆಚ್ಚುತ್ತ ಹೋದರು. ತಲೆಬುರುಡೆ ತಲೆಬುರುಡೆಯನ್ನು ನೋಡಿ ನಗುತ್ತಿತ್ತು. ಕ್ರೀಡಾಂಗಣ ಮುಟ್ಟಿದಾಗ ಇನ್ನೂ ಎಳೆಬಿಸಿಲು. ಆಗಲೇ ಬೇಲಿಯ ಗುಂಟ ಚಾಪೆ ಹಾಸಿ ಜನ ಕೂತಿದ್ದರು. ನಾವು ಅವರ ಬೆನ್ನಿಗೆ ಹೋಗಿ ಸೇರುತ್ತೇವೆ ಎಂದುಕೊಂಡೆ. ಆದರೆ ಪದ್ಮಾಳನ್ನು ಕಂಡು ಒಬ್ಬರ ಹಿಂದೊಬ್ಬರು ಎದ್ದು ನಿಂತರು. "ಕಾಕ್ ಪದ್ಮಾ! ಕಾಕ್ ಪದ್ಮಾ ಬಂದರು!" ಕಾಕ್ ಎಂದರೆ ಅವರಲ್ಲಿ ಅಕ್ಕ.

ಪದ್ಮಾ ಜೇಬಿನಿಂದ ಒಂದು ದಪ್ಪ ಮಾರ್ಕರ್ ತೆಗೆದಳು. ಯಾರು ಯಾರ ಹಿಂದೆ ಬಂದರೆಂದು ವಿಚಾರಿಸಿ, ಬಂದ ಕ್ರಮದಲ್ಲಿ ಒಬ್ಬೊಬ್ಬರ ಮುಂಗೈಯ ಮೇಲೂ ನಂಬರು ಬರೆಯತೊಡಗಿದಳು. ನಂಬರು ಬಿದ್ದವರು ಶೌಚಕ್ಕೆ ಹೋಗಿ ಬರಬಹುದು, ಊಟ ತರಬಹುದು, ಅವರ ಜಾಗ ಅವರದೇ. ಕಾಲೇಜು ಹುಡುಗರು, ಹಚ್ಚೆಯ ತೋಳಿನವರು, ಮೂಗಿಗೆ ದನದ ಮೂಗುದಾರದಂಥ ಬಳೆ ಹಾಕಿದ ಹುಡುಗಿಯರು, ಎಲ್ಲರೂ ಬಿ.ಪಿ. ತೋರಿಸುವವರ ಹಾಗೆ ಕೈ ಚಾಚಿ ಕಾಯುತ್ತಿದ್ದರು. ನಂಬರು ಬರೆಯುವವಳು ತಾನೇ ಮೊದಲು ನಿಲ್ಲುತ್ತಾಳೇನೋ ಎಂದು ನೋಡಿದರೆ, ಅವಳು ತನ್ನ, ಸಿತಿಯ, ನನ್ನ ಕೈಗೆ ನಮಗಿಂತ ಮುಂಚೆ ಬಂದವರೆಲ್ಲರ ನಂತರದ ನಂಬರೇ ಬರೆದಳು. ಆದರೂ ಮುಂದಿನ ಪಾಲಿನವರಲ್ಲೇ ನಾವಿದ್ದೆವು.

ಅಷ್ಟರಲ್ಲಿ ಒಬ್ಬ ಎತ್ತರದ ಆಳು ಬೇಲಿ ಸರಿಸಿ ಮುಂದೆ ನುಗ್ಗಿದ. ನಾನು ಪದ್ಮಾಳ ಮುಖ ನೋಡಿದೆ. ಇರ್ಲಿ ಬಿಡ್ರಿ ಎನ್ನುತ್ತಾಳೆ ಎಂದುಕೊಂಡೆ. ಅವಳು ಹೋಗಿ ಅವನ ಎದೆಗೆ ಮೂಗು ಬರುವಷ್ಟು ಹತ್ತಿರ ನಿಂತು, ಕೈ ತೋರಿಸು ಎಂದಳು. ಅವನು ಏನೋ ಗೊಣಗಿದ. ಅವಳು ಮತ್ತೊಮ್ಮೆ ಅದನ್ನೇ ಹೇಳಿದಳು, ದನಿ ಎತ್ತರಿಸದೆ. ಅವನು ತಲೆ ಕೆರೆದುಕೊಂಡು, ನಡೆದು ನಡೆದು, ಕೊನೆಯ ಚಾಪೆಯ ಹಿಂದೆ ಹೋಗಿ ನಿಂತ.

"ಇದನ್ನೆಲ್ಲ ಯಾರೇ ನಿಂಗೆ ವಹಿಸಿದ್ದು?" ಎಂದು ಕೇಳಿದೆ.

"ಯಾರೂ ಇಲ್ರಿ. ಹೋದ ಸಲ ನೂಕಾಡಿ ಒಂದು ಹುಡುಗಿ ಕೈ ಮುರಕೊಂಡ್ಲು. ಯಾರಾರ ಒಬ್ರು ಮಾಡಬೇಕಲ್ಲ."

ನಮ್ಮ ಮುಂದಿನ ಚಾಪೆಯಲ್ಲಿ ಲಿಮ್ ಎಂಬ ಚೀನಿ ಹಿರಿಯರೊಬ್ಬರು ಇದ್ದರು. ಬಸ್ ರಿಪೇರಿಯ ಕೆಲಸದಿಂದ ನಿವೃತ್ತರಾದವರು, ಈ ಹಾಡುಗಾರರನ್ನು ತಮ್ಮ ತಲೆಗೂದಲು ಕಪ್ಪಿದ್ದ ಕಾಲದಿಂದ ಕೇಳುತ್ತಿರುವವರು. ಆ ಉರಿಯಲ್ಲೂ ಹಳೆಯ ಡೆನಿಮ್ ಜಾಕೆಟ್ ಬಿಚ್ಚಿರಲಿಲ್ಲ. ಅದರ ಹೊಲಿಗೆ ನೋಡಿ ನನಗೆ ಕೈ ತಡೆಯಲಿಲ್ಲ. ಹಿಂದಿನಿಂದ ಅಂಚು ಎತ್ತಿ ಒಳಮೈ ತಿರುವಿದೆ. ಅವರು ಬೆಚ್ಚಿ ಹಾರಿದರು. ಪದ್ಮಾ ನಾನು ಯಾರೆಂದು ಹೇಳಿದ ಮೇಲೆ ಜಾಕೆಟ್ಟನ್ನೇ ಬಿಚ್ಚಿ ನನ್ನ ಮಡಿಲಿಗಿಟ್ಟರು. ನಾವಿಬ್ಬರೂ ಭಾಷೆಯೇ ಇಲ್ಲದೆ ಬಹಳ ಹೊತ್ತು ಕಾಲರು, ಕಫ್ಫು ಮಾತಾಡಿದೆವು.

ಆಮೇಲೆ ಅವರು ತಮ್ಮ ಕೈಪಟ್ಟಿಯನ್ನು ಮುಟ್ಟಿ, ಕತ್ತರಿಯಂತೆ ಎರಡು ಬೆರಳಾಡಿಸಿ, ಬೇಡ ಬೇಡ ಎಂದು ಕೈಬೀಸಿ, ಗೇಟಿನ ಹೊರಗೆ ಬೆರಳು ತೋರಿಸಿ ನಕ್ಕರು.

"ಏನಂತೆ?" ಎಂದೆ.

"ಹೋದ ಸಲ ಒಬ್ಬಾವ ಪಟ್ಟಿ ಕತ್ತರಿಸಿ ಗೆಳೆಯಾಗ ಕೊಟ್ಟಿದ್ನಂತ್ರಿ. ಗೇಟಿನಾಗ ಎಳದು ನೋಡ್ತಾರ. ಕತ್ತರಿಸಿದ್ರ ಮುಗೀತು, ಟಿಕೆಟ್ ಇದ್ರೂ ಒಳಗ ಬಿಡಂಗಿಲ್ಲ."

ನಾನು ಬಳೆಗಳನ್ನು ಮೆಲ್ಲಗೆ ಪಟ್ಟಿಯ ಮೇಲಕ್ಕೆ ಸರಿಸಿಕೊಂಡೆ.

ಸಾಲು, ಮಳೆ

ಮಧ್ಯಾಹ್ನ ಕಳೆದ ಮೇಲೆ ಆಕಾಶ ಹರಿದುಕೊಂಡು ಬಿತ್ತು. ನಮ್ಮ ಸೀಮೆಯಲ್ಲಿ ಮಳೆ ಬರುವ ಮುಂಚೆ ಗಾಳಿ ಬಿಟ್ಟು, ಮೋಡ ತೋರಿಸಿ, ವಾರ ಕಾಯಿಸಿ, ಕೊನೆಗೆ ಬರದೆಯೂ ಹೋಗುತ್ತದೆ. ಅಲ್ಲಿ ನಲ್ಲಿ ತಿರುಗಿಸಿದ ಹಾಗೆ. ಆದರೂ ಯಾರೂ ಓಡಲಿಲ್ಲ. ಸಾಲು ಇದ್ದಲ್ಲೇ ಪ್ಲಾಸ್ಟಿಕ್ ಹೊದ್ದು ಹಾವಿನಂತೆ ಹೊಳೆಯಿತು. ಹಿಂದಿನಿಂದ ಯಾರೋ ಹಾಡು ಎತ್ತಿದರು, ಸಾಲಿಗೆ ಸಾಲೇ ಹಾಡಿತು.

ನಾನೂ ಪದ್ಮಾಳೂ ಒಂದೇ ಹಾಳೆಯಡಿ ಮುದುಡಿ ಕೂತಿದ್ದೆವು. ಗಂಡ ಒಪ್ಪಿಸಿದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು ಎನಿಸಿತು. ಸಿಗ್ನಲ್ ಇಲ್ಲವೆಂದು ಅವಳು ಎದ್ದು ಹೋಗುವಂತಿಲ್ಲ. ಫೋನು ತೆಗೆದು ಫೋಟೋ ತೋರಿಸಿದೆ.

"ಕಲ್ಯಾಣದುರ್ಗದೋರು. ಒಳ್ಳೆ ಮನುಷ್ಯ. ನಾನೇ ಹೋಗಿ ಮಾತಾಡ್ಸಿ ಬಂದೀನಿ."

ಪದ್ಮಾ ಫೋಟೋವನ್ನು ನಿಜವಾಗಿಯೂ ನೋಡಿದಳು. ಅವಸರ ಮಾಡಲಿಲ್ಲ. "ಒಳ್ಳೇರೇ ಇರಬೇಕ್ರಿ. ಮುಖ ನೋಡಿದ್ರ ಗೊತ್ತಾಗ್ತತಿ. ನನಗ ಬ್ಯಾಡ ಅತ್ತಿಗಿ."

"ಯಾಕೆ? ಇವರು ಬ್ಯಾಡವಾ, ಮದುವೆಯೇ ಬ್ಯಾಡವಾ?"

"ಮದುವೀನೇ ಬ್ಯಾಡ. ಹೊಸಾದಾಗಿ ಬರೋ ಹುಡುಗ್ಯಾರಿಗೆ ಕೆಲಸ ಕಲಿಸಾಕ ನನ್ನ ಹಾಕ್ಯಾರ. ಇನ್ನ ಎರಡು ವರ್ಷ ಇರ್ತೀನಿ ಅಂತ ಹೋದ ತಿಂಗಳು ಸಹಿ ಮಾಡೀನಿ."

"ನಮ್ಮನ್ನ ಒಂದು ಮಾತು ಕೇಳ್ಲಿಲ್ಲ."

"ಕೇಳಿದ್ರ ಏನಂತಿದ್ರಿ?"

ನನಗೆ ಕೋಪ ಬಂತು. ಇಷ್ಟು ದೂರ ಕರೆಸಿಕೊಂಡದ್ದು ಇದಕ್ಕೇನೇ, ನಿಮ್ಮಣ್ಣನಿಗೆ ನಾನು ಯಾವ ಬಾಯಲ್ಲಿ ಹೇಳಲಿ, ನಮ್ಮ ನಂಟು ಬೇಡವಾಯಿತಾ ನಿನಗೆ ಎಂದು ಏನೇನೋ ಅಂದೆ. ಅವಳು ಹಾಳೆಯನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿ, ತಾನು ಅರ್ಧ ನೆನೆಯುತ್ತ ಕೂತಳು. ಮಳೆ ನಿಂತ ಮೇಲೆ ನಡುವೆ ಬಂದು ಕೂತ ಸಿತಿ ಒಮ್ಮೆ ಅವಳಿಗೆ, ಒಮ್ಮೆ ನನಗೆ ಬಿಸ್ಕತ್ತು ಕೊಡುತ್ತಿದ್ದಳು.

ಗೇಟು

ಸಂಜೆಯ ಬಿಸಿಲು ಮತ್ತೆ ಬಂದಾಗ ಬೇಲಿ ಸರಿಯಿತು. ಸಾಲಿಗೆ ಒಮ್ಮೆಲೇ ಜೀವ ಬಂತು. ಚಾಪೆ ಮಡಚಿ, ಬೂಟಿನ ಲಾಡಿ ಬಿಗಿದು ನಿಂತರು. ಯಾರೂ ನೂಕಲಿಲ್ಲ. ಮುಂಗೈ ನಂಬರಿನಂತೆ ಒಬ್ಬೊಬ್ಬರೇ ಮುಂದೆ ಸರಿದರು. ಗೇಟಿನಲ್ಲಿ ಕಾವಲಿನವರು ಪ್ರತಿಯೊಬ್ಬರ ಪಟ್ಟಿಗೂ ಬೆರಳು ತೂರಿಸಿ ಬಲವಾಗಿ ಜಗ್ಗಿ ನೋಡುತ್ತಿದ್ದರು. ನಮ್ಮ ಹೊಲಿಗೆ ತಡೆಯುತ್ತದೆ, ಅದರ ಬಗ್ಗೆ ನನಗೆ ಅನುಮಾನವಿರಲಿಲ್ಲ. ಆದರೆ ಕಣ್ಣಿಗೆ ಬಿದ್ದರೆ? ನನ್ನ ಜೊತೆಗಿರುವವಳೆಂದು ಪದ್ಮಾಳನ್ನೂ ತಡೆದರೆ? ಇಷ್ಟು ಜನರ ಮುಂದೆ, ಇವಳನ್ನು ಕಾಕ್ ಎನ್ನುವವರ ಮುಂದೆ?

ಲಿಮ್ ಒಳಗೆ ಹೋದರು. ಸಿತಿ ಒಳಗೆ ಹೋದಳು. ಪದ್ಮಾ ಕೈ ಚಾಚುವಷ್ಟರಲ್ಲಿ ನಾನು ಅವಳ ಅಂಗಿ ಹಿಡಿದೆಳೆದೆ.

"ಪದ್ಮ, ನಾನು ಅದನ್ನ ಕತ್ತರಿಸಿ ಹೊಲಿದಿದ್ದೀನಿ ಕಣೆ."

"ಏನನ್ನ?"

ಬಳೆ ಸರಿಸಿ ತೋರಿಸಿದೆ. ಅವಳ ಕಣ್ಣು ಪಟ್ಟಿಯ ಮೇಲೆ, ನನ್ನ ಮುಖದ ಮೇಲೆ, ಮತ್ತೆ ಪಟ್ಟಿಯ ಮೇಲೆ ಓಡಾಡಿತು.

"ಯಾವಾಗ?"

"ಬೆಳಿಗ್ಗೆ. ಸ್ನಾನ ಮಾಡುವಾಗ."

"ಮಧ್ಯಾಹ್ನ ಲಿಮ್ ಅಂಕಲ್ ಹೇಳ್ದಾಗ ಯಾಕ ಸುಮ್ನಿದ್ರಿ?"

"ಹೆದರಿಕೆಯಾಯ್ತು. ಆಮೇಲೆ ಜಗಳವಾಯ್ತು. ನೀನು ಹೋಗು ತಾಯಿ. ನಾನು ಇಲ್ಲೇ ಮರದ ಬುಡದಾಗೆ ಕೂತಿರ್ತೀನಿ. ಮುಗಿದ ಮೇಲೆ ಬಂದು ಕರ್ಕಂಡು ಹೋಗು."

ಹಿಂದಿನವರು ಒಬ್ಬೊಬ್ಬರಾಗಿ ನಮ್ಮನ್ನು ದಾಟಿ ಒಳಗೆ ಹೋಗುತ್ತಿದ್ದರು. ದಾಟಿದ ಪ್ರತಿಯೊಬ್ಬರ ಜೊತೆಗೂ ಕಟಕಟೆಯ ಬಳಿ ಅವಳಿಗೆ ಸಿಗಬೇಕಾದ ಜಾಗದಲ್ಲಿ ಒಂದು ಚೂರು ಹೋಗುತ್ತಿತ್ತು. ಆ ಜಾಗಕ್ಕಾಗಿ ಅವಳು ವರ್ಷಗಟ್ಟಲೆ ಕಾದಿದ್ದಳೆಂದು ಸಿತಿ ನನಗೆ ಸನ್ನೆಯಲ್ಲೇ ಹೇಳಿದ್ದಳು. ಪದ್ಮಾ ಗೇಟಿನೊಳಗೆ ಒಮ್ಮೆ ನೋಡಿದಳು. ಆಮೇಲೆ ನನ್ನ ಮೊಣಕೈ ಹಿಡಿದು ಸಾಲಿನಿಂದ ಹೊರಗೆ ಬಂದಳು.

"ನಿಮ್ಮನ್ನ ಮರದ ಬುಡಕ್ಕ ಕುಂದ್ರಸಾಕ ಇಷ್ಟು ದೂರ ಕರಸೀನೇನ್ರಿ? ನಡೀರಿ."

ತಕರಾರಿನ ಕೌಂಟರಿಗೆ ಇನ್ನೊಂದು ಸಾಲು. ಆ ಸಾಲಿಗೆ ನಂಬರು ಬರೆಯುವವರು ಇರಲಿಲ್ಲ, ನಾವು ಕೊನೆಯಲ್ಲಿ ನಿಂತೆವು. ಒಳಗಿನಿಂದ ಗಿಟಾರು ಸರಿಮಾಡಿಕೊಳ್ಳುವ ಸದ್ದು ಬಂದಾಗಲೆಲ್ಲ ಪದ್ಮಾ ಬೆರಳ ಉಗುರು ಕಚ್ಚುತ್ತಿದ್ದಳು. ನಾನು ಅವಳ ಕೈ ಹಿಡಿದು ಬಾಯಿಯಿಂದ ಇಳಿಸಿದೆ. ಬಿಡಿಸಿಕೊಳ್ಳಲಿಲ್ಲ.

ಕೌಂಟರಿನಲ್ಲಿದ್ದಾಕೆ ತಮಿಳು ಮಾತಾಡುವ ದಪ್ಪನೆಯ ಹೆಂಗಸು. ಪದ್ಮಾ ಬಾಯಿ ತೆರೆಯುವ ಮುಂಚೆ ನಾನೇ ಕೈ ಮುಂದೆ ಮಾಡಿದೆ. ಕನ್ನಡ, ತೆಲುಗು ಎರಡೂ ಕಲಸಿ, ಕತ್ತರಿ ಹಿಡಿದಂತೆ ಮಾಡಿ, ತಲೆಯ ಮೇಲೆ ನೀರು ಹೊಯ್ದುಕೊಂಡು, ಸೂಜಿಗೆ ದಾರ ಪೋಣಿಸಿ ತೋರಿಸಿದೆ.

"ಕುಳಿಕ್ಕವಾ?" ಎಂದಳು ಆಕೆ, ನಂಬಲಾರದೆ. ಸ್ನಾನಕ್ಕಾ?

"ಹೂಂ ತಾಯಿ, ಸ್ನಾನಕ್ಕೇ. ಒದ್ದೆಯಾಗ್ತದಲ್ಲ."

ಆಕೆ ಪಟ್ಟಿಯನ್ನು ಸುತ್ತಲೂ ತಿರುಗಿಸಿದಳು. ಹೊಲಿಗೆ ಕಾಣಲಿಲ್ಲ. ಎಲ್ಲಿ ಎಂದಳು. ತೋರಿಸಿದೆ. ಆಕೆಯ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ನಗು ಹೊರಬಿತ್ತು. ಪಕ್ಕದವರನ್ನು ಕರೆದು ತೋರಿಸಿದಳು. ಮೇಲಿನ ಅಧಿಕಾರಿಯೊಬ್ಬ ಬಂದು ಪಾಸ್‌ಪೋರ್ಟನ್ನೂ ಪದ್ಮಾಳ ಫೋನಿನ ಟಿಕೆಟ್ಟನ್ನೂ ಬಹಳ ಹೊತ್ತು ಹೊಂದಿಸಿ ನೋಡಿದ. ನಾನು ಮನೆದೇವರ ಹೆಸರೆಲ್ಲ ಹೇಳಿ ಮುಗಿಸಿ ತಿಪ್ಪೇಸ್ವಾಮಿಗೆ ಬಂದಿದ್ದೆ. ಅವನು ತಲೆಯಾಡಿಸಿದ. ಹಳೆಯದನ್ನು ಕತ್ತರಿಸಿ ಹೊಸ ಪಟ್ಟಿ ಬಿಗಿದ ಆ ಹೆಂಗಸು, ನನ್ನ ಮೂಗಿನ ಮುಂದೆ ಬೆರಳು ಆಡಿಸಿ ಹೇಳಿದಳು: ನಾಳೆ ಬೆಳಗಿನವರೆಗೂ ಸ್ನಾನ ಬೇಡ.

ಒಳಗೆ

ಕಟಕಟೆ ನಮಗೆ ಕಾಣಲೇ ಇಲ್ಲ. ನಾವು ಒಳಗೆ ಹೋದಾಗ ಮೈದಾನ ತುಂಬಿ, ಹಿಂದಿನ ಬೇಲಿಗೆ ಒರಗಿ ನಿಲ್ಲುವಷ್ಟು ಜಾಗ ಉಳಿದಿತ್ತು. ವೇದಿಕೆ ದೂರದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ನಾನು ಪದ್ಮಾಳ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ. ಆಗ ಜನರನ್ನು ಸರಿಸಿಕೊಂಡು, ಏದುಸಿರು ಬಿಡುತ್ತ, ಹಿಜಾಬು ಓರೆಯಾದ ಸಿತಿ ಬಂದಳು. ಮುಂದೆ ಲಿಮ್ ಪಕ್ಕದಲ್ಲಿ ಕಟಕಟೆ ಹಿಡಿದಿದ್ದವಳು ನಮ್ಮನ್ನು ಕಾದು ಕಾದು, ಬಿಟ್ಟು ಹುಡುಕಿಕೊಂಡು ಬಂದಿದ್ದಳು.

"ಹುಚ್ಚಿ! ಆ ಜಾಗ ಯಾರಾರ ಬಿಡ್ತಾರೇನು?" ಎಂದು ಪದ್ಮಾ ಕನ್ನಡದಲ್ಲೇ ಬೈದಳು. ಸಿತಿಗೆ ಅರ್ಥವಾಯಿತು. ಭುಜ ಹಾರಿಸಿ ನಮ್ಮಿಬ್ಬರ ನಡುವೆ ಸೇರಿಕೊಂಡಳು.

ದೀಪ ಆರಿತು. ಹಾಡು ಶುರುವಾಗುವ ಮುನ್ನವೇ ನೆಲ ನಡುಗಿತು, ನನ್ನ ಎದೆಗೂಡು ಡಬ್ಬದಂತೆ ಬಡಿದುಕೊಂಡಿತು. ಹಾಡು ಚೆನ್ನಾಗಿತ್ತೇ ಎಂದು ನೀವು ಕೇಳಬಹುದು. ನನಗೆ ಹೇಳಲು ಬಾರದು. ನಾನು ನೋಡಿದ್ದು ವೇದಿಕೆಯನ್ನಲ್ಲ. ಪಕ್ಕದಲ್ಲಿ ನನ್ನ ನಾದಿನಿ ಎರಡು ಕೈಯನ್ನೂ ಮೇಲೆತ್ತಿ, ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬುವಂತೆ ಹಾಡುತ್ತಿದ್ದಳು. ಆ ಹುಡುಗಿಗೆ ಅಷ್ಟು ದೊಡ್ಡ ಗಂಟಲಿರುವುದು ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರಿಗೂ ತಿಳಿದಿರಲಿಲ್ಲ.

ಜೇಬಿನಲ್ಲಿ ಫೋನು ಅದುರಿತು. ವೀರೇಶ. ಊರಲ್ಲಿ ಇನ್ನೂ ಮುಸ್ಸಂಜೆ, ಶೆಡ್ಡು ಮುಚ್ಚುವ ಹೊತ್ತು.

"ಏನಾತು? ಒಪ್ಪಿದಳೇನು?"

"ಇಲ್ಲ!"

"ಏನು? ಅದೇನ್ ಗದ್ಲ ಅದು? ಕ್ರಷರಿನಾಗ ಅದೀಯೇನು?"

"ಒಪ್ಪಲಿಲ್ಲ!"

"ಒಪ್ಪಿದ್ಲಾ? ಜೋರಾಗಿ ಮಾತಾಡು!"

ಇದನ್ನು ನಾಳೆ ಹೇಳಬಹುದಿತ್ತು. ಊರಿಗೆ ಹೋದ ಮೇಲೆ ಮೆಲ್ಲಗೆ, ಊಟಕ್ಕೆ ಬಡಿಸುತ್ತ ಹೇಳಬಹುದಿತ್ತು. ನಾನು ಪದ್ಮಾಳ ಕಡೆ ನೋಡಿದೆ. ಫೋನಿನ ಬೆಳಕಿನಲ್ಲಿ ಅಣ್ಣನ ಹೆಸರು ಕಂಡು ಅವಳ ಕೈಗಳು ಇಳಿದಿದ್ದವು. ನಾನು ಒಂದು ಕಿವಿಗೆ ಬೆರಳಿಟ್ಟುಕೊಂಡು, ಹೊಟ್ಟೆಯಿಂದ ದನಿ ತೆಗೆದು ಕೂಗಿದೆ. ಸರಿಯಾಗಿ ಅದೇ ಕ್ಷಣಕ್ಕೆ ಹಾಡು ಕತ್ತರಿಸಿದಂತೆ ನಿಂತುಬಿಟ್ಟಿತು.

"ಪದ್ಮ ಮದುವೆ ಆಗಾಕಿಲ್ಲ! ಇಲ್ಲೇ ಇರ್ತಾಳೆ! ನಾನು ಕರ್ಕಂಡು ಬರಾಕಿಲ್ಲ!"

ಆ ಮೌನದಲ್ಲಿ ಮಡಕಶಿರಾ ಸೀಮೆಯ ಕನ್ನಡ ಎಲ್ಲಿಯವರೆಗೆ ಹೋಯಿತೋ ದೇವರಿಗೇ ಗೊತ್ತು. ಸುತ್ತಲಿನ ತಲೆಗಳೆಲ್ಲ ತಿರುಗಿದವು. ಒಂದಕ್ಷರ ತಿಳಿಯದಿದ್ದರೂ ಅವರು ಕೈ ಮೇಲೆತ್ತಿ "ಹೋ!" ಎಂದು ಘರ್ಜಿಸಿದರು. ಸಿತಿ ಎಲ್ಲರಿಗಿಂತ ಜೋರಾಗಿ ಕೂಗಿದಳು. ಪದ್ಮಾ ನನ್ನ ಭುಜಕ್ಕೆ ಮುಖ ಒತ್ತಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಅವಳ ಮೈ ಮಾತ್ರ ಕುಲುಕುತ್ತಿತ್ತು.

ಫೋನು ಕಿವಿಗೆ ಹಿಡಿದೆ. ಅವನು ಶೆಡ್ಡಿನ ಬಾಗಿಲಲ್ಲಿ ಕೀಲಿ ಹಿಡಿದು ನಿಂತಿರುವುದು ನನ್ನ ಕಣ್ಣಿಗೆ ಕಟ್ಟಿತು.

"ಈಗ ಕೇಳಿಸ್ತು ಬಿಡು" ಎಂದ ವೀರೇಶ. ಆಮೇಲೆ, "ಅಕಿ ಉಂಡಾಳೇನು?" ಎಂದ.

ನಾನು ಫೋನನ್ನು ಪದ್ಮಾಳ ಕಿವಿಗೆ ಹಿಡಿದೆ. "ಇಲ್ಲಣ್ಣಾ," ಎಂದಳು, ಮೂಗೊರೆಸಿಕೊಳ್ಳುತ್ತ. "ಇನ್ನೂ ಇಲ್ಲ."

ಅಷ್ಟರಲ್ಲಿ ಮುಂದಿನ ಹಾಡು ಶುರುವಾಯಿತು.